ಅಕ್ಕನ ತಲೆನೋವು

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡು ಬದಿಗೂ ಕಾಯಿಯ ರಾಶಿ, ನಡುವೆ ಜನರ ಹೊಳೆ. ನಮ್ಮ ಮನೆ ಅಲ್ಲಿಗೆ ಕೂಗಳತೆಯ ದೂರ. ಆ ದಿನ ಬಂಧುಬಳಗವೆಲ್ಲ ನಮ್ಮಲ್ಲಿ ಸೇರುವುದು ತಂದೆಯವರ ಕಾಲದಿಂದ ನಡೆದು ಬಂದ ಪದ್ಧತಿ. ಮಲ್ಲೇಶ್ವರದಲ್ಲಿದ್ದ ಅಕ್ಕ ಮಾತ್ರ ಎಷ್ಟೋ ವರ್ಷ ಬರಲಿಲ್ಲ. ಬೆಳಿಗ್ಗೆ ದೂರವಾಣಿಯಲ್ಲಿ ಅವಳ ದನಿ ಕೇಳಿಸುತ್ತಿತ್ತು: “ತಲೆನೋವು ಕಣೋ, ನೀವೆಲ್ಲ ಹೋಗಿಬನ್ನಿ.”

“ಪರಿಷೆಗೂ ಅಕ್ಕನ ತಲೆನೋವಿಗೂ ಪಂಚಾಂಗದಲ್ಲಿ ಒಂದೇ ಮುಹೂರ್ತ” ಎಂದು ಮೊದಲು ನುಡಿದವನು ನಾನೇ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ಇಂಥ ಮಾತು ಸಲೀಸಾಗಿ ಬರುತ್ತಿತ್ತು. ಎಲ್ಲರೂ ನಕ್ಕರು. ಮರುವರ್ಷ ಅದು ಮನೆಯ ಗಾದೆಯಾಯಿತು. ಆ ಗಾದೆ ಅಕ್ಕನ ಕಿವಿಗೂ ಬಿದ್ದಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಈ ಬರಹ ಒಂದು ಬಗೆಯಲ್ಲಿ ಆ ಮಾತಿಗೆ ನಾನು ಮಾಡಿಕೊಳ್ಳುತ್ತಿರುವ ಪ್ರಾಯಶ್ಚಿತ್ತ.

ಅಕ್ಕನಿಗೆ ಈ ನೋವು ಬೆನ್ನು ಹತ್ತಿದ್ದು 1989ರಲ್ಲಿ. ಆಗ ಅವಳಿಗೆ ನಲವತ್ತಮೂರು ವರ್ಷ. ಮೊದಮೊದಲು ತಿಂಗಳಿಗೆ ಎರಡು ಬಾರಿ ಬರುತ್ತಿತ್ತು. ಎಡಗಣ್ಣಿನ ಹಿಂದೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಆಗುತ್ತದೆ ಎನ್ನುತ್ತಿದ್ದಳು. ಬೆಳಕು ಸಹಿಸದು, ಪಾತ್ರೆಯ ಸದ್ದು ಸಹಿಸದು, ಒಗ್ಗರಣೆಯ ವಾಸನೆಗೆ ವಾಂತಿ ಬರುವುದು. ಕಿಟಕಿಗೆ ಹೊದಿಕೆ ಕಟ್ಟಿ, ಹಣೆಗೆ ಶುಂಠಿ ತೇದು ಹಚ್ಚಿ, ತಲೆಗೆ ಬಟ್ಟೆ ಬಿಗಿದು ಮಲಗಿದರೆ ಮರುದಿನಕ್ಕೆ ಇಳಿಯುತ್ತಿತ್ತು. ವರ್ಷಗಳು ಕಳೆದಂತೆ ನೋವಿನ ಸ್ವಭಾವ ಬದಲಾಯಿತು. ಸುತ್ತಿಗೆಯ ಪೆಟ್ಟು ಕಡಿಮೆಯಾಗಿ, ನೆತ್ತಿಯ ಮೇಲೆ ಒರಳುಕಲ್ಲು ಇಟ್ಟಂಥ ಭಾರ ಹೆಚ್ಚುಕಡಿಮೆ ಪ್ರತಿದಿನದ್ದಾಯಿತು.

ಇದು ಲೋಕಕ್ಕೆ ಹೊಸ ನೋವಲ್ಲ. ನಮ್ಮ ಜನ ಇದನ್ನು ಅರೆತಲೆನೋವು ಎಂದರು, ಆಯುರ್ವೇದದವರು ಅರ್ಧಾವಭೇದಕವೆಂದರು. ಸುಶ್ರುತಸಂಹಿತೆ ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ಅದೂ ಒಂದು. ಗ್ರೀಕರು ‘ಅರ್ಧ ತಲೆಬುರುಡೆ’ ಎಂಬ ಅರ್ಥದಲ್ಲಿ ಹೆಮಿಕ್ರೇನಿಯ ಎಂದರು. ಅದೇ ಸವೆದು ಮೈಗ್ರೇನ್ ಆಗಿದೆ. ದೂರದೂರದ ಮೂರು ನುಡಿಗಳು ಒಂದೇ ಅರ್ಧವನ್ನು ಹೆಸರಿಸಿದ್ದನ್ನು ನೋಡಿದರೆ, ನೋವು ಕಲ್ಪನೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೇಕಾದ ಚಿಕಿತ್ಸೆಯನ್ನೆಲ್ಲ ಮಾಡಿಸಿದೆವು. ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣು ನೋಡಿದರು, ದೃಷ್ಟಿ ಸರಿಯಾಗಿತ್ತು. ಮೂಗಿನ ವೈದ್ಯರು ನೋಡಿದರು. ಹಲ್ಲಿನ ವೈದ್ಯರೊಬ್ಬರು ಒಂದು ದವಡೆಹಲ್ಲನ್ನೇ ಕಿತ್ತರು. ಹಲ್ಲು ಹೋಯಿತು, ನೋವು ಉಳಿಯಿತು. ಅತ್ತೆಯವರು ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ಕಡೆಗೆ ಮಿದುಳಿನ ಚಿತ್ರವೂ ಆಯಿತು. ವರದಿ ನೋಡಿದ ವೈದ್ಯರು ನಗುತ್ತ, “ಏನೂ ಇಲ್ಲ, ಧೈರ್ಯವಾಗಿರಿ” ಎಂದರು. ನಮಗೆಲ್ಲ ಎದೆಯ ಮೇಲಿನ ಭಾರ ಇಳಿಯಿತು. ಮನೆಗೆ ಬರುವಾಗ ಸಂಪಿಗೆ ರಸ್ತೆಯ ತಿರುವಿನಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: “ಏನೂ ಇಲ್ಲ ಅಂದರೆ ಏನೋ ಅರ್ಥ? ನಾನು ಸುಳ್ಳು ಹೇಳ್ತಿದ್ದೀನಿ ಅಂತ ತಾನೇ?” ನಾನು, “ಹಾಗಲ್ಲ ಬಿಡಕ್ಕ” ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ.

ಈಗ ಹಿಂದಿರುಗಿ ನೋಡಿದರೆ, ಆ ವರ್ಷಗಳಲ್ಲಿ ನಮ್ಮ ಕಣ್ಣೆದುರಿಗೇ ಬೇರೆ ಸಂಗತಿಗಳೂ ನಡೆದಿದ್ದವು. ಅಕ್ಕ ಚೆನ್ನಾಗಿ ಹಾಡುತ್ತಿದ್ದಳು, ಹಾಡುವುದು ನಿಂತಿತು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಸಂಗೀತಕ್ಕೆ ಚಿಕ್ಕಂದಿನಿಂದ ತಪ್ಪದೆ ಬರುತ್ತಿದ್ದವಳು ಬರುವುದನ್ನೇ ಬಿಟ್ಟಳು. ನವರಾತ್ರಿಯಲ್ಲಿ ಬೊಂಬೆಗಳು ಪೆಟ್ಟಿಗೆಯಲ್ಲೇ ಉಳಿದವು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಹಾಸಿಗೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದಳಂತೆ. ಅಡಿಗೆಯಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಅವಳಿಗೆ ತಿಳಿಯುತ್ತಿರಲಿಲ್ಲ; ತಿಳಿದರೂ ಅದು ಮುಖ್ಯವೆನಿಸುತ್ತಿರಲಿಲ್ಲ. ಇದಕ್ಕೆಲ್ಲ ನಾವು ಕೊಟ್ಟುಕೊಂಡ ಕಾರಣ ಒಂದೇ: ಪಾಪ, ತಲೆನೋವು.

2000ದಲ್ಲಿ ಅಕ್ಕನನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಭಾವನವರಿಗೆ ಕಚೇರಿಯಲ್ಲಿ ರಜೆ ಸಿಕ್ಕಿರಲಿಲ್ಲ. ಅಲ್ಲಿ ನರರೋಗ ವಿಭಾಗದಲ್ಲಿದ್ದ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಅಕ್ಕ ತನ್ನ ಚೀಲದಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಮೇಜಿನ ಮೇಲಿಟ್ಟಳು. ನೋವು ಬಂದ ತಿಥಿಗಳಿಗೆಲ್ಲ ಅವಳು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ್ದಳು. ಮಾತ್ರೆ ನುಂಗಿದ ದಿನ ಪಕ್ಕದಲ್ಲೊಂದು ಚುಕ್ಕೆ. ಅಮಾವಾಸ್ಯೆಗೂ ನೋವಿಗೂ ಸಂಬಂಧವುಂಟೋ ಎಂದು ಪತ್ತೆ ಮಾಡುವುದು ಅವಳ ಉದ್ದೇಶ. ಬೇರೆಯವರಾಗಿದ್ದರೆ ನಗುತ್ತಿದ್ದರೇನೋ. ಆ ವೈದ್ಯೆ ನಗದೆ ಪುಟ ತಿರುವಿ ಎಣಿಸಿದರು. “ಹೋದ ತಿಂಗಳು ಇಪ್ಪತ್ತೆರಡು ದಿವಸ ನೋವು, ಇಪ್ಪತ್ತನಾಲ್ಕು ದಿವಸ ಮಾತ್ರೆ. ಅಮಾವಾಸ್ಯೆಗೆ ಸಂಬಂಧ ಇಲ್ಲಮ್ಮ. ಆದರೆ ಏಕಾದಶಿಗಳೆಲ್ಲ ಕೆಂಪಗಿವೆ ನೋಡಿ, ಹೊಟ್ಟೆ ಖಾಲಿ ಬಿಟ್ಟರೆ ನಿಮಗೆ ಆಗಲ್ಲ” ಎಂದರು. ಆಮೇಲೆ ನಿದ್ರೆಯ ವಿಷಯ ಕೇಳಿದರು. ಕಡೆಗೆ, ಬರೆಯುವುದನ್ನು ನಿಲ್ಲಿಸಿ, “ಈಚೆಗೆ ಯಾವುದರಿಂದ ನಿಮಗೆ ಸಂತೋಷ ಆಗುತ್ತೆ ಅಮ್ಮ?” ಎಂದರು.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಪಂಚಾಂಗವನ್ನು ನೋಡಿದಳು. ಹನ್ನೊಂದು ವರ್ಷ ನೋವಿನಲ್ಲಿ ನರಳಿದ್ದರೂ ನಮ್ಮೆದುರು ಕಣ್ಣೀರು ಹಾಕದಿದ್ದವಳು ಅಲ್ಲಿ ಅತ್ತುಬಿಟ್ಟಳು. ಇದಕ್ಕೆ ಒಂದು ದೊಡ್ಡ ದುಃಖದ ಕಥೆ ಇರಬೇಕೆಂದು ವಾಚಕರು ಊಹಿಸಬಹುದು. ನಾನೂ ಹುಡುಕಿದೆ, ಸಿಗಲಿಲ್ಲ. ಗಂಡ ಒಳ್ಳೆಯವರು, ಮಕ್ಕಳು ವಿದ್ಯಾವಂತರು, ಮನೆ ಸ್ವಂತದ್ದು. ಖಿನ್ನತೆ ಬರಲು ನ್ಯಾಯಾಲಯಕ್ಕೆ ಒಪ್ಪಿಸುವಂಥ ಕಾರಣ ಬೇಕಿಲ್ಲವೆಂಬುದನ್ನು ನಾನು ಕಲಿತದ್ದು ಆ ದಿನ.

ಅವಳಲ್ಲಿ ಮೂರು ಗಂಟುಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಮೊದಲನೆಯದು ಅರೆತಲೆನೋವು. ಎರಡನೆಯದು ಮಾತ್ರೆಯೇ ತಂದ ತಲೆನೋವು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಹಲವು ಔಷಧಗಳನ್ನು ಕೂಡಿಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗುತ್ತ ಹೋದರೆ, ನೋವನ್ನು ಓಡಿಸಬೇಕಾದ ಔಷಧವೇ ನೋವನ್ನು ಮನೆಯಲ್ಲಿ ನೆಲೆಗೊಳಿಸುತ್ತದೆ. ಮೂರನೆಯದು ಖಿನ್ನತೆ. “ಇವರನ್ನು ಮನೋವೈದ್ಯರಿಗೂ ತೋರಿಸಬೇಕು” ಎಂದು ಚೀಟಿ ಬರೆದರು.

ಆ ಚೀಟಿ ಭಾವನವರ ಜೇಬಿನಲ್ಲಿ ನಾಲ್ಕು ತಿಂಗಳು ಉಳಿಯಿತು. “ನಮ್ಮ ವಂಶದಲ್ಲಿ ಯಾರಿಗೂ ಹುಚ್ಚಿಲ್ಲ” ಎಂದರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಸುದ್ದಿ ಹರಡಿದರೆ ಗಂಡಿನ ಕಡೆಯವರು ಏನೆಂದಾರು? ಅವರನ್ನು ಕಠಿಣ ಹೃದಯದವರೆಂದು ದೂರಲಾರೆ. ಹನ್ನೊಂದು ವರ್ಷ ಹೆಂಡತಿಯ ತಲೆಗೆ ತಾವೇ ಪಟ್ಟಿ ಕಟ್ಟಿದವರು ಅವರು. ಅವರ ಭಯ ಊರಿನ ಭಯ.

ಆ ಭಯವನ್ನು ಅಳೆದು ನೋಡಿದ ಕೆಲಸವೂ ಇದೇ ಊರಿನಲ್ಲಿ ನಡೆದಿದೆ. ನಿಮ್ಹಾನ್ಸ್ ಸಂಸ್ಥೆಯ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮತ್ತು ಅವರ ಸಂಗಡಿಗರು ಬೆಂಗಳೂರಿನ 80 ಮಂದಿ ಹೊರರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮನಸ್ಸಿನ ಕುಗ್ಗುವಿಕೆ ಹೆಚ್ಚಿದ್ದವರಲ್ಲಿ ಕಳಂಕದ ಅಳುಕೂ ಹೆಚ್ಚಾಗಿತ್ತು. ಮೈಯ ನೋವುಗಳು ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆ. ದುಃಖವನ್ನು ಹೇಳಿಕೊಂಡರೆ ಸಮಾಜದಲ್ಲಿ ನಷ್ಟ. ಮೈನೋವು ಹೇಳಿಕೊಂಡರೆ ಅಂಥ ನಷ್ಟವಿಲ್ಲ. ಇದನ್ನು ಓದಿದಾಗ ನನಗೆ ಅಕ್ಕನ ಮುಚ್ಚಿದ ಕಿಟಕಿ ನೆನಪಾಯಿತು. ನಮ್ಮ ಮನೆಗಳಲ್ಲಿ ತಲೆನೋವು ಬಂದ ಹೆಂಗಸಿಗೆ ಒಂದು ಲೋಟ ಕಾಫಿಯೂ ಒಂದು ಗಂಟೆಯ ವಿರಾಮವೂ ಸಿಗಬಹುದು. ‘ನನಗೆ ಬದುಕೇ ರುಚಿಸುತ್ತಿಲ್ಲ’ ಎಂದವಳಿಗೆ ಸಿಗುವುದು ಉಪದೇಶ.

ಭಾಷೆಯ ಪಾಲೂ ಇದರಲ್ಲಿ ಉಂಟು. ತಲೆನೋವು, ತಲೆಭಾರ, ತಲೆಬಿಸಿ, ತಲೆಸಿಡಿತ ಎಂದು ಕನ್ನಡದಲ್ಲಿ ತಲೆಗೆ ಎಷ್ಟೋ ಮಾತುಗಳಿವೆ. ಅವೆಲ್ಲ ಅಡಿಗೆಮನೆಯ ಮಾತುಗಳು. ಖಿನ್ನತೆ ಎಂಬುದೋ ಪುಸ್ತಕದ ಮಾತು. ನಾನೇ ತರಗತಿಯಲ್ಲಿ ಅದಕ್ಕೆ ಅರ್ಥ ಬರೆಸಿದ್ದೇನೆ, ಮನೆಯಲ್ಲಿ ಒಮ್ಮೆಯೂ ಆಡಿದ್ದಿಲ್ಲ. ಅಕ್ಕನ ಬಾಯಲ್ಲಿದ್ದದ್ದು ‘ಬೇಜಾರು’ ಒಂದೇ. ಬಸ್ಸು ತಡವಾದರೂ ಬೇಜಾರು, ಬದುಕು ಬರಿದೆನಿಸಿದರೂ ಬೇಜಾರು ಎನ್ನುವ ನಮಗೆ ಎರಡರ ಅಂತರ ಹೇಗೆ ತಿಳಿಯಬೇಕು? ಇಂಥ ವಿಷಯಗಳನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಿಳಿಸಿದ ವೈದ್ಯರು ನಮ್ಮಲ್ಲಿ ಇಲ್ಲದಿರಲಿಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ‘ಮನಮಂಥನ’ವನ್ನು ಬರೆದರು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾಡನ್ನು ನಗಿಸಿದ ವೈದ್ಯರೇ ಈ ಪುಸ್ತಕವನ್ನೂ ಬರೆಯಬೇಕಾಯಿತೆಂಬುದು ಯೋಚಿಸತಕ್ಕ ಮಾತು.

ಅಂತೂ ಅಕ್ಕ ಮನೋವೈದ್ಯರ ಬಳಿ ಹೋದಳು, ಔಷಧ ಹತ್ತಿತು, ನಿದ್ರೆ ಬಂದಿತು. ಆಗ ನಮ್ಮಿಂದ ಎರಡನೆಯ ತಪ್ಪಾಯಿತು. ಹತ್ತಿರದ ಬಂಧುವೊಬ್ಬರು ಅವಳೆದುರಿಗೇ, “ನೋಡಿದೆಯಾ, ಇಷ್ಟು ವರ್ಷ ತಲೆಗೆ ಏನೂ ಆಗಿರಲಿಲ್ಲ, ಎಲ್ಲ ಮನಸ್ಸಿನದೇ” ಎಂದರು. ಅವರು ಸಮಾಧಾನಕ್ಕೆಂದೇ ಆಡಿದ ಮಾತು ಅದು. ಅಕ್ಕ ಆ ದಿನದ ಮಾತ್ರೆ ನುಂಗಲಿಲ್ಲ, ಮರುದಿನವೂ ನುಂಗಲಿಲ್ಲ. “ಈ ಔಷಧ ತಗೊಂಡರೆ ನನ್ನ ನೋವು ಸುಳ್ಳು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ” ಎಂದಳು. ನನ್ನ ಹಳೆಯ ಗಾದೆಯನ್ನು ಅವಳು ಎತ್ತಿ ಹೇಳಿದ್ದು ಅಂದೇ.

ನಾನು ವೈದ್ಯನಲ್ಲ. ಆದರೂ ಅಂದಿನಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಮೈಯ ಯಾವುದೇ ಭಾಗದ ನೋವಿನ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಆ ಸುದ್ದಿಯ ಅಬ್ಬರವನ್ನು ತಗ್ಗಿಸಲು ಮಿದುಳಿನಿಂದ ಕೆಳಗಿಳಿಯುವ ದಾರಿಗಳೂ ಉಂಟು. ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳು ಅಲ್ಲಿ ಕೆಲಸ ಮಾಡುತ್ತವೆ. ಮನಸ್ಸಿನ ಏರಿಳಿತದಲ್ಲೂ ನಿದ್ರೆಯಲ್ಲೂ ಅವುಗಳ ಪಾತ್ರವಿದೆ. ಆ ವ್ಯವಸ್ಥೆ ಸೊರಗಿದರೆ ಮನಸ್ಸೂ ಕುಗ್ಗಬಹುದು, ಇದ್ದ ನೋವೂ ಇಮ್ಮಡಿಸಬಹುದು. ಇನ್ನೊಂದೆಡೆ, ವರ್ಷಗಟ್ಟಲೆ ನೋವುಂಡು ನಿದ್ರೆಗೆಟ್ಟವರ ಮನಸ್ಸು ಕುಗ್ಗುವುದೂ ಸಹಜ. ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ ನವೋಮಿ ಬ್ರೆಸ್ಲಾ ಮತ್ತು ಸಂಗಡಿಗರು ಜನರನ್ನು ಎರಡು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಅರೆತಲೆನೋವು ಇದ್ದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು, ಖಿನ್ನತೆ ಇದ್ದವರಲ್ಲಿ ಹೊಸದಾಗಿ ಅರೆತಲೆನೋವು ಬರುವ ಸಂಭವವೂ ಹೆಚ್ಚು. ದಾರಿ ಒಂದೇ, ಗಾಡಿಗಳು ಎರಡು ಕಡೆಗೂ ಓಡಾಡುತ್ತವೆ.

ಔಷಧದ ಕಥೆ ಇನ್ನೂ ಬೋಧಪ್ರದವಾದುದು. ಅಮಿಟ್ರಿಪ್ಟಿಲಿನ್ ಎಂಬ ಔಷಧ 1961ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆಂದು ಬಳಕೆಗೆ ಬಂದಿತು. 1964ರಲ್ಲಿ ಆಸ್ಟ್ರೇಲಿಯದ ಲ್ಯಾನ್ಸ್ ಮತ್ತು ಕರನ್ ಎಂಬ ವೈದ್ಯರು ದೀರ್ಘಕಾಲದ ತಲೆನೋವಿಗೂ ಅದರಿಂದ ಗುಣವುಂಟೆಂದು ತೋರಿಸಿದರು. ಇಂದಿಗೂ ತಲೆನೋವನ್ನು ತಡೆಯಲು ಅದನ್ನು, ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ, ಖಿನ್ನತೆ ಇಲ್ಲದವರಿಗೂ ಕೊಡುತ್ತಾರೆ. ಆದುದರಿಂದ ಮನಸ್ಸಿನ ಔಷಧದಿಂದ ತಲೆನೋವು ಇಳಿದರೆ, ಆ ನೋವು ಕಲ್ಪನೆಯೆಂದು ತೀರ್ಪು ಕೊಡುವಂತಿಲ್ಲ. ಇದನ್ನೇ ಆ ವೈದ್ಯೆ ಅಕ್ಕನಿಗೆ ಎರಡೇ ಮಾತಿನಲ್ಲಿ ಹೇಳಿದರು: “ನಿಮ್ಮ ತಲೆನೋವೂ ನಿಜ, ನಿಮ್ಮ ಮನಸ್ಸಿನ ಕಷ್ಟವೂ ನಿಜ. ಒಂದನ್ನು ಒಪ್ಪಿಕೊಂಡರೆ ಇನ್ನೊಂದು ಸುಳ್ಳಾಗಲ್ಲ ಅಮ್ಮ.” ಅಕ್ಕ ಮತ್ತೆ ಔಷಧ ಹಿಡಿದಳು. ನಾನು ಈ ಬರಹದಲ್ಲಿ ಹೇಳಬೇಕಾದುದೂ ಅಷ್ಟೇ.

ಇದು ಒಬ್ಬ ಅಕ್ಕನ ಕಥೆಯೆಂದು ತಿಳಿಯಬಾರದು. ನಿಮ್ಹಾನ್ಸಿನ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವರ್ಷದ 2,329 ಮಂದಿಯನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಹಿಂದಿನ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಮಂದಿಗೆ ತಲೆನೋವು ಬಂದಿತ್ತು. ನೂರಕ್ಕೆ 25 ಮಂದಿಗೆ ಅರೆತಲೆನೋವು. ನೂರಕ್ಕೆ 3 ಮಂದಿಗೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕೂ ಹೆಚ್ಚು ನೋವು. ನಲವತ್ತು ಮಕ್ಕಳ ಒಂದು ತರಗತಿಯ ತಂದೆತಾಯಿಗಳು ಎಂಬತ್ತು ಮಂದಿ ಎಂದಿಟ್ಟುಕೊಂಡರೆ, ಅವರಲ್ಲಿ ಇಬ್ಬರು ಮೂವರ ಮನೆಯಲ್ಲಿ ಹೀಗೆ ಒಂದು ಕಿಟಕಿ ಮುಚ್ಚಿರುತ್ತದೆಂದು ಲೆಕ್ಕ. ಆ ಮಕ್ಕಳು ಮನೆಪಾಠ ಬರೆಯದೆ ಬಂದಾಗ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು.

ಹಾಗೆಂದು ತಲೆನೋವೆಲ್ಲ ಖಿನ್ನತೆಯಲ್ಲ. ಹಿಂದೆಂದೂ ಕಾಣದಂತೆ ಸಿಡಿಲಿನ ಹಾಗೆ ಥಟ್ಟನೆ ಎರಗಿದ ನೋವು, ಜ್ವರದೊಡನೆ ಕುತ್ತಿಗೆ ಸೆಡೆತುಕೊಂಡ ನೋವು, ಕೈಕಾಲು ಸೋತು ಮಾತು ತೊದಲಿಸುವ ನೋವು, ತಲೆಗೆ ಪೆಟ್ಟು ಬಿದ್ದಮೇಲೆ ಬಂದ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ತಲೆದೋರಿದ ನೋವು, ಇವುಗಳಿಗೆ ತಡಮಾಡದೆ ವೈದ್ಯರನ್ನು ಕಾಣಬೇಕು. ಆದರೆ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿರುವ ಹಳೆಯ ನೋವಿನ ಮುಂದೆ, ಮಾತ್ರೆ ಕೊಡುವ ಮೊದಲು, ಎರಡು ಪ್ರಶ್ನೆ ಕೇಳುವುದು ಒಳ್ಳೆಯದು. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯೋ ಸಂತೋಷವೋ ಇಲ್ಲದಂತಾಗಿದೆಯೆ? ಮನಸ್ಸು ಕುಗ್ಗಿ, ಮುಂದೆ ದಾರಿಯೇ ಇಲ್ಲವೆನಿಸಿದೆಯೆ? ವೈದ್ಯರೂ ಮೊದಲು ಕೇಳುವುದು ಇವನ್ನೇ. ಹೌದೆಂಬ ಉತ್ತರ ಬಂದರೆ ಬುದ್ಧಿವಾದ ಹೇಳುವ ಕೆಲಸ ನಮ್ಮದಲ್ಲ. ಜೊತೆಯಲ್ಲಿ ಹೋಗುವ ಕೆಲಸ ನಮ್ಮದು. ಎಲ್ಲಿಗೆಂದು ತೋಚದಿದ್ದರೆ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯುಂಟು, ಸಂಖ್ಯೆ 14416, ಕನ್ನಡದಲ್ಲಿ ಮಾತನಾಡಬಹುದು.

ನಿಮ್ಹಾನ್ಸಿನ ಹೆಸರನ್ನು ಈ ಬರಹದಲ್ಲಿ ಎರಡು ಬಾರಿ ಎತ್ತಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. ಆ ‘ಮತ್ತು’ ಎಂಬ ಅವ್ಯಯವನ್ನು ನಾನು ವ್ಯಾಕರಣದ ಮೇಷ್ಟರಾಗಿ ಎಷ್ಟೋ ಬಾರಿ ಕಂಡು ಮುಂದೆ ಹೋಗಿದ್ದೆ. ನರ ಬೇರೆ, ಮನಸ್ಸು ಬೇರೆಯೆಂದು ನಾವು ಮನೆಯಲ್ಲಿ ಕಟ್ಟಿಕೊಂಡ ಗೋಡೆಯನ್ನು ಹೊಸೂರು ರಸ್ತೆಯ ಆ ಆವರಣದಲ್ಲಿ ಎಂದೋ ತೆಗೆದುಹಾಕಿದ್ದಾರೆ.

ಅಕ್ಕನಿಗೆ ಈಗ ಎಂಬತ್ತರ ಆಸುಪಾಸು. ಭಾವನವರು ಇಲ್ಲ. ನೋವು ಪೂರ್ತಿಯಾಗಿ ಹೋಗಿಲ್ಲ. ತಿಂಗಳಲ್ಲಿ ಮೂರೋ ನಾಲ್ಕೋ ಕೆಂಪು ಗುರುತು ಬೀಳುತ್ತವೆ. ಏಕಾದಶಿಯಂದು ಹಣ್ಣು ಹಾಲು ತಪ್ಪದೆ ತೆಗೆದುಕೊಳ್ಳುತ್ತಾಳೆ. ನಡುವೆ ಎರಡು ಬಾರಿ ಮನಸ್ಸು ಮತ್ತೆ ಕುಗ್ಗಿತ್ತು. ಆಗ ಅವಳೇ, “ತಲೆ ಅಲ್ಲ ಕಣೋ, ಈ ಸಲ ಇನ್ನೊಂದು” ಎಂದು ಹೇಳಿ ವೈದ್ಯರ ಬಳಿಗೆ ಹೊರಟಳು.

ಹೋದ ಕಾರ್ತಿಕದಲ್ಲಿ ಪರಿಷೆಗೆ ಬಂದಿದ್ದಳು. ಜನ ಸೇರುವ ಮೊದಲೇ, ಬೆಳಿಗ್ಗೆ ಏಳು ಗಂಟೆಗೆ ಹೊರಟೆವು. ಒಂದು ಸೇರು ಹಸಿಕಾಯಿ ಕೊಂಡು, ಬಸವಣ್ಣನಿಗೆ ಕೈಮುಗಿದು, ಬ್ಯೂಗಲ್ ರಾಕಿನ ಮರಗಳ ಕೆಳಗೆ ಕುಳಿತೆವು. ಯಾರೋ ಹುಡುಗರು ಪೀಪಿ ಊದುತ್ತ ಹೋದರು. ಅಕ್ಕ ಎಡಗಣ್ಣು ಮುಚ್ಚಿಕೊಂಡು, “ಶುರುವಾಯ್ತು ಕಣೋ, ಮನೆಗೆ ಹೋಗೋಣ” ಎಂದಳು. ಸರಿಯೆಂದು ಎದ್ದು ಕಾಯಿಯ ಚೀಲವನ್ನು ಒಂದು ಕೈಯಲ್ಲೂ ಅವಳ ಕೈಯನ್ನು ಇನ್ನೊಂದರಲ್ಲೂ ಹಿಡಿದು ನಡೆದೆ. ಮನೆಯಲ್ಲಿ ಎಲ್ಲರೂ ಸೇರಿದ್ದರು. ಯಾರೂ ನಗಲಿಲ್ಲ. ಮೊಮ್ಮಗಳು ಎದ್ದು ಹೋಗಿ ಕೋಣೆಯ ಕಿಟಕಿ ಮುಚ್ಚಿ, “ಬರೀ ತಲೇನಾ ಅಜ್ಜಿ, ಇನ್ನೇನಾದರೂ ಇದೆಯಾ?” ಎಂದು ಕೇಳಿದಳು.

“ಬರೀ ತಲೆ ಕಣೇ” ಎಂದು ಅಕ್ಕ ಮಲಗಿದಳು.